ಹಿಂದಕ್ಕೆ ಮುಖ ಮಾಡಿದ ಸೀಟು

ಮೂವತ್ತೇಳನೆಯ ಪಿನ್ನು ಬರಲಿಲ್ಲ.

ಸೀಟಿನ ರೆಕ್ಸಿನ್ನನ್ನು ಹಲಗೆಗೆ ಹಿಡಿದಿದ್ದ ಆ ಪಿನ್ನಿನ ಕೆಳಗೆ ಅವನು ಸ್ಕ್ರೂಡ್ರೈವರಿನ ತುದಿಯನ್ನು ತೂರಿಸಿ, ಮಣಿಕಟ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಮೀಟಿದ. ಪಿನ್ನಿನ ಬದಲು ಅದು ಕಚ್ಚಿಕೊಂಡಿದ್ದ ಪ್ಲೈವುಡ್ಡೇ ಎದ್ದು ಬಂತು. ಅಂಗೈಯಗಲದ ಕಪ್ಪು ಚೂರು, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನಷ್ಟು ಮೆತ್ತಗೆ. ಮೂಗಿನ ಹತ್ತಿರ ತಂದು ಮೂಸಿದ. ಯಾಕೆ ಮೂಸಿದೆನೆಂದು ಅವನಿಗೇ ತಿಳಿಯಲಿಲ್ಲ.

ಬೆಳಗಿನ ಎಂಟು ಗಂಟೆ. ಮಗಳು ನಾಲ್ಕಕ್ಕೆ ಬರುವವಳಿದ್ದಳು, ತಾನು ಮದುವೆಯಾಗಲಿರುವ ಹುಡುಗನನ್ನು ಕರೆದುಕೊಂಡು.

ಗ್ಯಾರೇಜಿನ ಬಾಗಿಲಿಂದ ಗೇಟಿನ ತನಕ ಜಾಗವನ್ನೆಲ್ಲ ನುಂಗಿಕೊಂಡು, ಎರಡು ಚಕ್ರದ ಟ್ರೈಲರಿನ ಮೇಲೆ ಬೋಟು ನಿಂತಿತ್ತು. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವವರನ್ನು ಹಗ್ಗದಿಂದ ಎಳೆದೊಯ್ಯುವ ಸ್ಕೀ ಬೋಟು. ಕೊಂಡಾಗಲೇ ಅದು ಹಳೆಯದು. ಹನ್ನೊಂದು ವರ್ಷಗಳಿಂದ ನೀರು ಕಂಡಿರಲಿಲ್ಲ. ಆದರೂ ಅದನ್ನು ಬೋಟು ಎಂದೇ ಕರೆಯುತ್ತಿದ್ದರು. ನಿವೃತ್ತರಾದ ನ್ಯಾಯಾಧೀಶರನ್ನು ಕೊನೆಯವರೆಗೂ ನ್ಯಾಯಾಧೀಶರೇ ಎನ್ನುವುದಿಲ್ಲವೆ?

ಬೋಟಿಗೆ ಮೂರು ಸೀಟು. ಹಿಂಭಾಗದಲ್ಲಿ ಅಡ್ಡಕ್ಕೆ ಉದ್ದನೆಯ ಬೆಂಚು. ಮುಂದೆ, ಸ್ಟೇರಿಂಗಿನ ಹಿಂದೆ ಓಡಿಸುವವನದು. ಅದರ ಪಕ್ಕದಲ್ಲಿ, ಹಿಂದಕ್ಕೆ ಮುಖ ಮಾಡಿದ್ದು ಇನ್ನೊಂದು. ಓಡಿಸುವವನ ಕಣ್ಣು ಮುಂದಿರಬೇಕು. ಹಗ್ಗದ ತುದಿಯಲ್ಲಿರುವವರು ಇದ್ದಾರೋ ಬಿದ್ದರೋ ಎಂದು ನೋಡುವುದಕ್ಕೆ ಬೇರೊಬ್ಬರು ಬೇಕು. ಆ ಸೀಟು ಹೆಂಡತಿಯದು.

ಬೆಂಚಿಗೆ ಎರಡು ವಾರದ ಹಿಂದೆಯೇ ಹೊಸ ರೆಕ್ಸಿನ್ ಹಾಕಿಸಿದ್ದ. ಉಳಿದೆರಡನ್ನು ನಾನೇ ಮಾಡುತ್ತೇನೆ ಎಂದಿದ್ದ.

ಹಾಗೆನ್ನಲು ಅವನಿಗೆ ಅಧಿಕಾರವಿತ್ತು. ಮಾನಕ ಕಚೇರಿಯಲ್ಲಿ ಅವನು ಆಸನ ವಿಭಾಗದ ಉಪನಿರ್ದೇಶಕ. ಕುರ್ಚಿ ಎಷ್ಟು ಭಾರ ತಡೆಯಬೇಕು, ಸೋಫಾ ಎಷ್ಟು ವರ್ಷ ಬಾಳಬೇಕು, ಬೆಂಚಿಗೂ ಸ್ಟೂಲಿಗೂ ಎಲ್ಲಿ ಗಡಿ ಎಂದೆಲ್ಲ ಬರೆದಿಡುವ ವಿಭಾಗ. ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಯಂತ್ರವಿತ್ತು. ಅದಕ್ಕೆ ಮನುಷ್ಯನ ಕುಂಡೆಯ ಆಕಾರದಲ್ಲಿ ಎರಕ ಹೊಯ್ದ ಕಬ್ಬಿಣ. ಕುರ್ಚಿಯ ಮೇಲೆ ಅದು ಒಂದು ಲಕ್ಷ ಸಲ ಕೂತು ಏಳಬೇಕು. ಕುರ್ಚಿ ಮುರಿಯದಿದ್ದರೆ ಪಾಸು. ಕಚೇರಿಯಲ್ಲಿ ಪ್ರಾಮಾಣಿಕವಾಗಿ ಕೂರುವುದು ಅದೊಂದೇ ಎಂದು ಅವನು ತಮಾಷೆ ಮಾಡುತ್ತಿದ್ದ, ನಿರ್ದೇಶಕರು ರಜದಲ್ಲಿದ್ದಾಗ.

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಅವನು ಕೈಯಾರೆ ಬಿಚ್ಚಿದ ಮೊದಲ ಸೀಟು ಇದು.

"ಆಯ್ತಾ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಆಗ್ತಾ ಇದೆ."

"ಕೈಲಿ ಅದೇನು?"

"ಪ್ಲೈವುಡ್ಡು."

"ಕೊಳೆತು ಹೋಗಿದೆಯಲ್ಲ."

"ಸ್ವಲ್ಪ ತೇವ ಹಿಡಿದಿದೆ, ಅಷ್ಟೆ."

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಕಂಡದ್ದನ್ನು ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ ಕೊಡುವುದು ಅವಳ ಕೆಲಸ. ಓದಿ ಹೇಳುವುದು ಡಾಕ್ಟರದು. ಮನೆಯಲ್ಲಿ ಡಾಕ್ಟರಿರಲಿಲ್ಲ. ಲಕೋಟೆಗಳು ಹಾಗೇ ಉಳಿಯುತ್ತಿದ್ದವು.

"ರೀ, ಒಂದು ವಿಷಯ ಹೇಳಬೇಕಿತ್ತು. ಅವರು ಬರೋದರೊಳಗೆ."

"ಸಂಜೆ ಹೇಳು. ಈಗ ನೋಡ್ತಿದೀಯಲ್ಲ."

"ಸಂಜೆ ಅವರು ಇರ್ತಾರೆ."

"ಇರಲಿ ಬಿಡು. ಅವರ ಮುಂದೇನೇ ಹೇಳು."

ಅವಳು ಅವನನ್ನೊಮ್ಮೆ, ಪ್ಲೈವುಡ್ಡನ್ನೊಮ್ಮೆ ನೋಡಿದಳು. "ಸರಿ" ಎಂದು ಒಳಗೆ ಹೋದಳು.

ಮಗಳು ಕೊನೆಯ ಸಲ ಮನೆಗೆ ಬಂದು ಎರಡು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಕೆಲಸ ಬೇರೆ ಊರಲ್ಲಿ, ಬರಲು ಐದು ತಾಸು, ರಜ ಕಡಿಮೆ. ಒಂದೊಂದು ಕಾರಣವೂ ಗಟ್ಟಿಯಾಗಿತ್ತು. ಯಂತ್ರಕ್ಕೆ ಹಾಕಿದ್ದರೆ ಪಾಸಾಗುತ್ತಿತ್ತು. ಫೋನು ಮಾಡಿದರೆ ತಾಯಿಯ ಹತ್ತಿರ ಮಾತಾಡುತ್ತಿದ್ದಳು. ಮೂರು ವಾರದ ಹಿಂದೆ ಮಾತ್ರ, ಹೆಂಡತಿ ಸ್ನಾನಕ್ಕೆ ಹೋಗಿದ್ದರಿಂದ, ಅವನು ಎತ್ತಿದ್ದ.

"ಅಪ್ಪ, ಬೋಟು ಇನ್ನೂ ಇದೆಯಾ?" ಎಂದು ಕೇಳಿದ್ದಳು.

"ಇದೆ."

"ಓ. ಸರಿ. ಅಮ್ಮನಿಗೆ ಕೊಡಿ."

ಆ ಪ್ರಶ್ನೆಯನ್ನು ಅವನು ಕಚೇರಿಗೆ ಒಯ್ದ, ವಾಪಸು ತಂದ, ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ. 'ಇನ್ನೂ' ಎಂಬ ಪದದಲ್ಲಿ ಏನೋ ಇತ್ತು. ಹಂಬಲ ಎಂದು ಅವನಿಗನ್ನಿಸಿತು. ಹತ್ತು ವರ್ಷದ ಮಗಳು ಆ ಹಗ್ಗ ಹಿಡಿದು ಕೆರೆಯ ಮೇಲೆ ಜಾರಿದ್ದಳಲ್ಲ. ಮರುದಿನವೇ ಬೋಟಿನ ಸೀಟುಗಳನ್ನು ಅಳೆದ.

*

ಸೀಟು ಹೊಲಿಯುವಾಕೆಯ ಅಂಗಡಿ, ಟೈರಿನ ಅಂಗಡಿಗೂ ಹಲ್ಲಿನ ಕ್ಲಿನಿಕ್ಕಿಗೂ ನಡುವೆ. ಬೀದಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ. ಕಿವಿಯ ಮೇಲೆ ಸೀಮೆಸುಣ್ಣ, ಕುತ್ತಿಗೆಗೆ ಅಳತೆ ಟೇಪು. ಒಳಗೆ ಬಸ್ಸಿನ ಸೀಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿತ್ತು.

"ಇವತ್ತೇ ಬೇಕಾ ಸಾರ್?"

"ನಾಲ್ಕು ಗಂಟೆಗೆ ಮಗಳು ಬರ್ತಾಳೆ."

"ನೀವೇ ಮಾಡ್ತೀನಿ ಅಂದಿದ್ರಲ್ಲ."

"ಸಮಯ ಸಿಗಲಿಲ್ಲ."

ಅವಳು ಹಲಗೆಯ ಮೇಲೆ ಹೆಬ್ಬೆರಳೊತ್ತಿದಳು. ಹೆಬ್ಬೆರಳು ಒಳಗೇ ಹೋಯಿತು. "ಇದಕ್ಕೆ ಮಾತ್ರ ಸಮಯ ಚೆನ್ನಾಗೇ ಸಿಕ್ಕಿದೆ" ಅಂದಳು.

ನಿಂತು ನಿಂತು ಅವನಿಗೆ ಕಾಲು ಸೋತಿತು. ಕೂರುವುದಕ್ಕೆ ಜಾಗವಿರಲಿಲ್ಲ. ಇಪ್ಪತ್ತು ಮೂವತ್ತು ಸೀಟುಗಳಿದ್ದ ಅಂಗಡಿಯಲ್ಲಿ ಒಂದಕ್ಕೆ ಬೆನ್ನಿಲ್ಲ, ಒಂದಕ್ಕೆ ತಳವಿಲ್ಲ. ಪೂರ್ತಿ ಇದ್ದದ್ದು ಪಕ್ಕದ ಕ್ಲಿನಿಕ್ಕಿನಿಂದ ಬಂದ ಹಲ್ಲು ಕೀಳುವ ಕುರ್ಚಿ ಒಂದೇ.

"ಅದರಲ್ಲಿ ಕೂತ್ಕೊಳಿ. ಕೆಲಸ ಮುಗಿದಿದೆ, ಒಯ್ಯೋಕೆ ಇನ್ನೂ ಬಂದಿಲ್ಲ."

ಕೂತ. ಕುರ್ಚಿ ತಾನಾಗಿಯೇ ಹಿಂದಕ್ಕೆ ಬಾಗಿ ಅವನನ್ನು ಮಲಗಿಸಿತು. ಈಗ ಅವನಿಗೆ ಕಾಣುತ್ತಿದ್ದದ್ದು ತಗಡಿನ ಮಾಡು, ಮತ್ತು ಕಣ್ಣು ಹೊರಳಿಸಿದರೆ ಅವಳ ಮೊಣಕೈ. ಆ ಸ್ಥಿತಿಯಲ್ಲೂ ಅವನು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

"ಫೋಮು ನಲವತ್ತರ ಸಾಂದ್ರತೆಗಿಂತ ಕಡಿಮೆ ಇರಬಾರದು."

"ಯಾರು ಹೇಳಿದ್ದು?"

"ಮಾನಕದಲ್ಲಿದೆ."

"ಅದನ್ನ ಯಾರು ಬರೆದಿದ್ದು?"

"ನಾನೇ."

"ಹೌದಾ!" ಎಂದು ಅವಳು ನಿಜವಾಗಿಯೂ ಸಂತೋಷಪಟ್ಟಳು. "ನೀವು ಬರೆದಿದ್ದು ಫೋಮಿಗೆ ಗೊತ್ತಿದ್ರೆ ಚೆನ್ನಾಗಿರ್ತಿತ್ತು ನೋಡಿ. ಬಿಸಿಲಿಗೆ ಇಟ್ರೆ ನಲವತ್ತೂ ಪುಡಿ, ಇಪ್ಪತ್ತೂ ಪುಡಿ."

ಹಳೆಯ ರೆಕ್ಸಿನ್ನನ್ನು ಅವಳು ಮೇಜಿನ ಮೇಲೆ ಹರಡಿದಳು, ಹೊಸದನ್ನು ಅದರ ಅಳತೆಗೆ ಕತ್ತರಿಸಲು. ಕತ್ತರಿಸುವ ಮೊದಲು ಬೆರಳಾಡಿಸಿ ನೋಡಿದಳು.

"ಇದು ಯಾರು ಕೂರೋದು?"

"ಓಡಿಸೋರು. ನಾನು."

"ಮುಂದಿನ ಅಂಚು ಮಾತ್ರ ಸವೆದಿದೆ. ಒರಗೋ ಕಡೆ ಮೊನ್ನೆ ತಂದ ಹಾಗಿದೆ. ತುದೀಲಿ ಕೂತು ಓಡಿಸಿದೀರಿ ಸಾರ್. ಬಸ್ಸಲ್ಲಿ ಮುಂದಿನ ಸ್ಟಾಪಿಗೆ ಇಳಿಯೋರು ಕೂರ್ತಾರಲ್ಲ, ಹಾಗೆ."

"ನೀರಲ್ಲಿ ಎಚ್ಚರ ಬೇಕಾಗತ್ತೆ."

"ಇರಬಹುದು." ಇನ್ನೊಂದನ್ನು ಎಳೆದುಕೊಂಡಳು. "ಇದು?"

"ನನ್ನ ಹೆಂಡತಿ."

ಅವಳು ಅದನ್ನು ಬೆಳಕಿಗೆ ಹಿಡಿದಳು. ಅವನು ಕುರ್ಚಿಯಲ್ಲಿ ತಲೆಯೆತ್ತಲು ಪ್ರಯತ್ನಿಸಿದ. ಆಗಲಿಲ್ಲ. ಅವಳೇ ರೆಕ್ಸಿನ್ ತುಂಡನ್ನು ತಂದು ಅವನ ಮುಖದ ಮೇಲೆ ಹಿಡಿದಳು, ಎಕ್ಸ್‌ರೇ ತೋರಿಸಿದ ಹಾಗೆ. ಸೀಟಿನ ಎಡಬಲ ಅಂಚುಗಳಲ್ಲಿ, ಎರಡೂ ಕಡೆ ನಾಲ್ಕು ನಾಲ್ಕು ಸಣ್ಣ ಸೀಳುಗಳು. ಅವುಗಳಿಂದ ಬೆಳಕು ಬರುತ್ತಿತ್ತು.

"ಇದು ಹಳೇದಾಗಿ ಹರಿದಿದ್ದಲ್ಲ. ಉಗುರು."

"ಒಂದು ದಿನ ಅಲೆ ಜಾಸ್ತಿ ಇತ್ತು."

"ಒಂದು ದಿನದ್ದಲ್ಲ ಸಾರ್ ಇದು."

ಪಕ್ಕದ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಅದು ಮುಗಿಯುವ ತನಕ ಇಬ್ಬರೂ ಕಾದರು.

"ಹಿಡ್ಕೊಳೋಕೆ ಪಕ್ಕದಲ್ಲಿ ಒಂದು ಹಿಡಿ ಹಾಕಿಕೊಡಲಾ? ಐದು ನಿಮಿಷದ ಕೆಲಸ."

"ಬೇಡ" ಎಂದ ಅವನು. "ಮೂಲ ವಿನ್ಯಾಸದಲ್ಲಿ ಇರಲಿಲ್ಲ."

ಹೊಸ ಹಲಗೆ ಕೊಯ್ಯುವ ಸದ್ದು, ಹೊಲಿಗೆ ಮೆಷಿನ್ನಿನ ಸದ್ದು. ಮಗಳು ಬೋಟು ಹತ್ತಿ "ಅಯ್ಯೋ ಅಪ್ಪ, ಹಾಗೇ ಇದೆಯಲ್ಲ!" ಎಂದು ಕೂಗುವುದನ್ನು ಅವನು ಕಲ್ಪಿಸಿಕೊಂಡ. ಎರಡನೆಯ ಸಲ ಕಲ್ಪಿಸಿಕೊಂಡಾಗ ಹುಡುಗ ಪಕ್ಕದಲ್ಲಿ ನಿಂತು ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದ. ಮೂರನೆಯ ಸಲಕ್ಕೆ ನಿದ್ದೆ ಬಂತು.

ಎಚ್ಚರವಾದಾಗ ಅಕ್ಕ ಮೇಲಿನಿಂದ ಅವನನ್ನು ನೋಡುತ್ತಿದ್ದಳು.

"ಬಾಯಿ ಕಳ್ಕೊಂಡು ಮಲಗಿದ್ರಿ" ಅಂದಳು. "ಏನೂ ಯೋಚನೆ ಮಾಡ್ಬೇಡಿ. ಆ ಕುರ್ಚೀಲಿ ಎಲ್ಲರೂ ಹಾಗೇ."

ಸೀಟುಗಳು ತಯಾರಾಗಿದ್ದವು. ಎರಡೂವರೆ ಗಂಟೆ.

*

ಒಂದೊಂದು ಸೀಟಿಗೂ ನಾಲ್ಕು ಬೋಲ್ಟು. ಏಳನ್ನು ಬಿಗಿದ. ಎಂಟನೆಯದರ ವಾಷರು ಬೆರಳಿಂದ ಜಾರಿ, ಟಣ್ಣೆಂದು, ಬೋಟಿನ ಮೂತಿಯ ಕಡೆಗೆ ಉರುಳಿ ಎಲ್ಲೋ ಕತ್ತಲಲ್ಲಿ ನಿಂತಿತು.

ಕೆಳಗಿಳಿದು, ಗೇಟಿನ ಹತ್ತಿರ ಹೋಗಿ ನೋಡಿದ. ಸೀಟುಗಳು ಹಾಲುಬಿಳುಪು. ಅವುಗಳ ಸುತ್ತ ಬೋಟು ಇದ್ದಕ್ಕಿದ್ದಂತೆ ಹತ್ತು ವರ್ಷ ಹೆಚ್ಚು ಮುದಿಯಾಗಿ ಕಂಡಿತು. ನಿನ್ನೆಯವರೆಗೆ ಎಲ್ಲವೂ ಸೇರಿ ಹಳೆಯವಾಗಿದ್ದವು, ಅದರಲ್ಲೊಂದು ಮರ್ಯಾದೆಯಿತ್ತು. ಈಗ ಬಣ್ಣ ಸುಲಿದ ಮೈ, ಬಿರುಕು ಬಿಟ್ಟ ಗಾಜು, ಮಂಕಾದ ಸ್ಟೇರಿಂಗು ಎಲ್ಲ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಬೋಟು ಹೊಸ ಹಲ್ಲು ಕಟ್ಟಿಸಿಕೊಂಡು ಕಂಡಕಂಡವರಿಗೆಲ್ಲ ನಗುತ್ತಿತ್ತು.

ಬೀದಿಯಲ್ಲಿ ಕಾರಿನ ಹಾರ್ನು. ಮಗಳು ಕಿಟಕಿಯಿಂದ ತಲೆ ಹೊರಹಾಕಿದ್ದಳು.

"ಅಯ್ಯೋ, ಬೋಟು ಇನ್ನೂ ಇಲ್ಲೇ ಇದೆ!"

ಅವನ ಎದೆ ತುಂಬಿತು.

"ಅದಕ್ಕೇ ಅವತ್ತು ಫೋನಲ್ಲಿ ಕೇಳಿದ್ದು ಅಪ್ಪ. ಕಾರು ಒಳಗೆ ಹೋಗತ್ತಾ ಇಲ್ವಾ ಅಂತ. ಈಗ ಎಲ್ಲಿ ನಿಲ್ಲಿಸೋದು?"

ಬೀದಿಯ ತಿರುವಿನಲ್ಲಿ ನಿಲ್ಲಿಸಿ ಬಂದರು. ಹುಡುಗ ಎತ್ತರದವನು, ವಿನಯದವನು, ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರು. ಕೈಯಲ್ಲಿ ಹಣ್ಣಿನ ಬುಟ್ಟಿ. "ನಮಸ್ಕಾರ ಅಂಕಲ್" ಎಂದು ಬಗ್ಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅತ್ತೆ, ಮಂಡಿನೋವು ಹೇಗಿದೆ ಈಗ?" ಎಂದ.

ಹೆಂಡತಿಗೆ ಮಂಡಿನೋವಿರುವುದು ಅವನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಅವನಿಗೆ ತೊಡಕಾಗಿ ಕಂಡದ್ದು ಬೇರೆ. ಅಂಕಲ್ಲಿನ ಹೆಂಡತಿ ಆಂಟಿಯಾಗಬೇಕು. ಅತ್ತೆಯ ಗಂಡ ಮಾವನಾಗಬೇಕು. ಕರಡಿನಲ್ಲಿ ಬಂದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದ.

"ನೀವು ಸ್ವಲ್ಪ ಇಳಿದುಹೋಗಿದೀರಿ ಅಪ್ಪ" ಅಂದಳು ಮಗಳು.

ನೀವು. ಹೋದ ಸಲ ಬಂದಾಗ 'ನೀನು' ಆಗಿತ್ತು. ಫೋನಿನಲ್ಲಿ ಗಮನಿಸಿರಲಿಲ್ಲ. ಎರಡು ವರ್ಷಗಳಲ್ಲಿ ಅವನಿಗೆ ಏಕವಚನದಿಂದ ಬಹುವಚನಕ್ಕೆ ಬಡ್ತಿ ಸಿಕ್ಕಿತ್ತು, ಅರ್ಜಿ ಹಾಕದೆ.

"ಒಳಗೆ ಬನ್ನಿ" ಎಂದಳು ಹೆಂಡತಿ.

"ಮೊದಲು ಬೋಟು ಹತ್ತಿ" ಎಂದ ಅವನು.

ಯಾರೂ ಬೇಡವೆನ್ನಲಿಲ್ಲ. ಅಷ್ಟು ಬಿಳುಪಾದದ್ದನ್ನು ಬೇಡವೆನ್ನುವುದು ಕಷ್ಟ. ಪುಟ್ಟ ಏಣಿ ಇಟ್ಟ. ಕಾಲೊರೆಸಿಕೊಂಡು ಒಬ್ಬೊಬ್ಬರಾಗಿ ಹತ್ತಿದರು. ಹುಡುಗ ಮತ್ತು ಮಗಳು ಹಿಂದಿನ ಬೆಂಚಿನಲ್ಲಿ ಕೂತರು. ಅವನು ಸ್ಟೇರಿಂಗಿನ ಹಿಂದೆ ಕೂತ. ಹೆಂಡತಿ ಚಹಾದ ತಟ್ಟೆಯೊಂದಿಗೆ ಬಂದಳು.

"ಬಾ, ನಿನ್ನ ಸೀಟು ನೋಡು" ಎಂದು ಪಕ್ಕದ್ದನ್ನು ತಟ್ಟಿದ. "ಒಂದು ಬೋಲ್ಟು ಬಾಕಿ ಇದೆ, ಪರವಾಗಿಲ್ಲ."

"ನಾನು ಇಲ್ಲೇ ಚೆನ್ನಾಗಿದೀನಿ" ಎಂದು ಅವಳು ಬೆಂಚಿನಲ್ಲಿ ಮಗಳ ಪಕ್ಕ ಕೂತಳು.

ಹೀಗೆ ಮೂವರೂ ಒಂದು ಸಾಲಿನಲ್ಲಿ, ಅವನ ಬೆನ್ನಿಗೆ ಎದುರಾಗಿ. ಹಿಂದಕ್ಕೆ ಮುಖ ಮಾಡಿದ ಸೀಟು ಖಾಲಿ. ಮಾತಾಡಬೇಕಾದರೆ ಅವನು ಕತ್ತು ತಿರುಗಿಸಬೇಕಿತ್ತು. ಸ್ವಲ್ಪ ಹೊತ್ತಿಗೆ ಕತ್ತು ನೋಯತೊಡಗಿತು.

"ಹೇಗಿದೆ?"

"ತುಂಬಾ ಬಿಳುಪಾಗಿದೆ ಅಪ್ಪ."

"ಒಳ್ಳೆ ಫಿನಿಶಿಂಗ್ ಅಂಕಲ್."

"ಬರೋ ಭಾನುವಾರ ಕೆರೆಗೆ ಒಯ್ಯೋಣ ಅಂತಿದೀನಿ. ನೀವಿಬ್ಬರೂ ಬನ್ನಿ. ಇವಳು ಚಿಕ್ಕವಳಿದ್ದಾಗ ಅಲ್ಲೇ ಹೋಗ್ತಿದ್ವಿ. ಇಂಜಿನ್ನು ಸ್ವಲ್ಪ ನೋಡಿಸಬೇಕು, ಅಷ್ಟೆ."

ಹುಡುಗ ಚಹಾದ ಲೋಟವನ್ನು ತಿರುಗಿಸಿದ. ಮಗಳ ಕಡೆ ನೋಡಿದ. ಅವಳು ಬೋಟಿನ ಹೊರಗೆ ಎಲ್ಲೋ ನೋಡುತ್ತಿದ್ದಳು.

"ಆ ಕೆರೇಲಿ ಮೋಟಾರು ಬೋಟು ಬಿಡೋ ಹಾಗಿಲ್ಲ ಅಂಕಲ್. ಕುಡಿಯೋ ನೀರಿಗೆ ತಗೊಂಡಿದೀವಿ ಅದನ್ನ. ಸುತ್ತ ಬೇಲಿ ಹಾಕಿ ಆರು ವರ್ಷ ಆಯ್ತು."

"ಆರು ವರ್ಷ?"

"ಬೇಲಿ ಹಾಕಿಸಿದ್ದು ನಮ್ಮ ವಿಭಾಗವೇ" ಎಂದ ಹುಡುಗ, ಕ್ಷಮೆ ಕೇಳುವ ದನಿಯಲ್ಲಿ.

ಅವನು ಹೆಂಡತಿಯ ಕಡೆ ಕತ್ತು ಹೊರಳಿಸಿದ. "ನಿನಗೆ ಗೊತ್ತಿತ್ತಾ?"

"ಪೇಪರಲ್ಲಿ ಬಂದಿತ್ತು."

"ಮತ್ತೆ ಹೇಳಬಾರದಾ? ಈ ಸೀಟು, ಇದೆಲ್ಲ..."

"ನೀವು ಸೀಟಿನ ವಿಷಯ ಕೇಳಿದ್ರಿ. ಕೆರೆ ವಿಷಯ ಕೇಳಲಿಲ್ಲ."

ಚಹಾ ಕುಡಿದರು. ಟ್ರೈಲರು ಸಣ್ಣಗೆ ಕಿರುಗುಟ್ಟಿತು. ಇಂಥ ಮೌನಗಳಿಗೆಂದೇ ಅವನಲ್ಲಿ ಒಂದು ಕಥೆಯಿತ್ತು. ಹದಿನಾರು ವರ್ಷಗಳಿಂದ ಕಚೇರಿಯಲ್ಲಿ, ನೆಂಟರ ಮನೆಗಳಲ್ಲಿ ಹೇಳುತ್ತ ಬಂದಿದ್ದ, ಪ್ರತಿ ಸಲವೂ ಜನ ನಕ್ಕಿದ್ದರು. ಅದನ್ನು ಹುಡುಗನಿಗೆ ಹೇಳಿದ.

"ಇವಳಿಗೆ ಹತ್ತು ವರ್ಷ ಆಗ. ಹಗ್ಗ ಹಿಡ್ಕೊಂಡು ಹಿಂದೆ ಬರ್ತಾ ಇದ್ದಾಳೆ, ನಾನು ಓಡಿಸ್ತಾ ಇದೀನಿ. ನೋಡಿದ್ರೆ ಹಗ್ಗದ ತುದೀಲಿ ಮಗಳೇ ಇಲ್ಲ! ತಿರುಗಿಸಿಕೊಂಡು ಹೋದ್ರೆ, ನೀರಿನ ಮಧ್ಯ ತೇಲ್ತಾ, ಹಲ್ಲು ಬಿಟ್ಕೊಂಡು ನಗ್ತಾ ಇದಾಳೆ. ಭಯ ಅನ್ನೋದೇ ಇರಲಿಲ್ಲ."

"ನಗ್ತಾ ಇರಲಿಲ್ಲ ಅಪ್ಪ" ಎಂದು ಮಗಳು ನಕ್ಕಳು. "ಹಲ್ಲು ಕಡೀತಾ ಇದ್ದೆ. ಚಳಿಗೆ." ಹುಡುಗನ ಕಡೆ ತಿರುಗಿದಳು. "ನಿಂಗೆ ಹೇಳಿದ್ನಲ್ಲ ಅದು. ಬೋಟು ಬೆಂಕಿಪೆಟ್ಟಿಗೆ ಅಷ್ಟಾಗಿತ್ತು. ಅಮ್ಮ ಎದ್ದು ನಿಂತು ಕೈ ಬೀಸ್ತಿದ್ದದ್ದು ಕಾಣ್ತಿತ್ತು. ಅಪ್ಪನ ಬೆನ್ನು ಕಾಣ್ತಿತ್ತು. ನಾನು ಆ ಬೆನ್ನು ಎಷ್ಟು ಚಿಕ್ಕದಾಗತ್ತೆ ಅಂತ ನೋಡ್ತಾ ಕೂತೆ. ಕೂತೆ ಅಂದ್ರೆ, ತೇಲಿದೆ."

"ಇಂಜಿನ್ನಿನ ಸದ್ದು. ಕೇಳಿಸಲಿಲ್ಲ."

"ಭುಜ ಹಿಡಿದು ಅಲ್ಲಾಡಿಸಿದೆ" ಅಂದಳು ಹೆಂಡತಿ, ಬಿಸ್ಕತ್ತಿನ ತಟ್ಟೆ ಮುಂದೆ ಮಾಡುತ್ತ. "'ಒಂದು ನಿಮಿಷ' ಅಂದ್ರಿ."

ಎಲ್ಲರೂ ನಕ್ಕರು. ಅವನೂ ನಕ್ಕ.

ಆದರೆ ಅವನಿಗೆ ಆ ನಿಮಿಷ ನೆನಪಿತ್ತು. ಸದ್ದಿನ ಮಾತು ಸುಳ್ಳು. ಹಗ್ಗ ಹಗುರಾದದ್ದು ಅವನ ಕೈಗೆ ಗೊತ್ತಾಗಿತ್ತು. ಹಿಂದಿನ ಎಳೆತ ಇದ್ದಕ್ಕಿದ್ದಂತೆ ಇಲ್ಲವಾಗಿ, ಬೋಟು ಮೂತಿಯೆತ್ತಿ, ನೀರನ್ನು ಮುಟ್ಟಿಯೂ ಮುಟ್ಟದೆ ಓಡಿತ್ತು. ಎದುರಿಗೆ ಕೆರೆ ಚಪ್ಪಟೆಯಾಗಿ, ಖಾಲಿಯಾಗಿ ಬಿದ್ದಿತ್ತು. ಈಗ ಚೆನ್ನಾಗಿ ಓಡುತ್ತಿದೆ ಎಂದು ಅವನಿಗನ್ನಿಸಿತ್ತು. ಭುಜದ ಮೇಲೆ ಕೈ ಬಿದ್ದಾಗ ಅವನು ಕೇಳಿದ್ದು ಇನ್ನೊಂದೇ ಒಂದು ನಿಮಿಷವನ್ನು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೂ ಅಲ್ಲ, ಜನ ನಗುವುದಿಲ್ಲ.

"ಅಮ್ಮ, ಅಪ್ಪನಿಗೆ ಹೇಳಿದ್ಯಾ?" ಎಂದಳು ಮಗಳು, ದನಿ ತಗ್ಗಿಸಿ. ಬೋಟು ಅಷ್ಟೇನೂ ದೊಡ್ಡದಲ್ಲ. ಅವನಿಗೆ ಕೇಳಿಸಿತು.

"ಬೆಳಿಗ್ಗೆ ಹೇಳೋಕೆ ಹೋದೆ. ಇವರಿಗೆ ಪುರುಸೊತ್ತಿರಲಿಲ್ಲ."

"ಏನದು?" ಎಂದ ಅವನು.

ಮಗಳು ಲೋಟ ಕೆಳಗಿಟ್ಟಳು. "ನಾವು ಮದುವೆ ರಿಜಿಸ್ಟರ್ ಮಾಡಿಸ್ಕೊಂಡ್ವಿ ಅಪ್ಪ. ಹೋದ ತಿಂಗಳು. ಹನ್ನೆರಡನೇ ತಾರೀಕು, ಗುರುವಾರ."

ಗುರುವಾರ. ಆ ಗುರುವಾರ ಬೆಳಗಿಂದ ಸಂಜೆಯ ತನಕ ಅವನು ಒಂದು ಸಭೆಯ ಅಧ್ಯಕ್ಷತೆ ವಹಿಸಿದ್ದ. ಮೂರು ಕಾಲಿನ ಸ್ಟೂಲಿಗೆ ಒರಗು ಕೂಡಿಸಿದರೆ ಅದು ಕುರ್ಚಿಯಾಗುತ್ತದೆಯೇ ಎಂಬುದು ವಿಷಯ. ತೀರ್ಮಾನವಾಗಿರಲಿಲ್ಲ. ಮನೆಗೆ ಬಂದಾಗ ಹೆಂಡತಿ ಒಳ್ಳೆಯ ಸೀರೆಯಲ್ಲಿದ್ದಳು. ಲ್ಯಾಬಿನಲ್ಲಿ ಯಾರದೋ ಬೀಳ್ಕೊಡುಗೆಯಿರಬೇಕು ಎಂದು ತಾನೇ ಅಂದುಕೊಂಡು, ಕೇಳಿರಲಿಲ್ಲ.

ಏನಾದರೂ ಹೇಳಬೇಕಿತ್ತು. ಮೂವರೂ ಅವನನ್ನೇ ನೋಡುತ್ತಿದ್ದರು. ಕತ್ತು ಈಗ ಚೆನ್ನಾಗಿಯೇ ನೋಯುತ್ತಿತ್ತು.

"ಸಾಕ್ಷಿ ಯಾರು ಹಾಕಿದ್ರು?" ಎಂದ.

ಕೇಳಿದ ಮೇಲೆ, ಕೇಳಬಹುದಾಗಿದ್ದ ಪ್ರಶ್ನೆಗಳಲ್ಲೆಲ್ಲ ಇದೇ ತನ್ನ ಬಾಯಿಗೆ ಬಂದದ್ದು ಯಾಕೆ ಎಂದು ಅವನಿಗೂ ಆಶ್ಚರ್ಯವಾಯಿತು.

"ನಾನು" ಎಂದಳು ಹೆಂಡತಿ.

"ಒಬ್ಬರು ಸಾಲದಲ್ಲ."

"ನಮ್ಮ ಅಪ್ಪನೂ ಇದ್ರು ಅಂಕಲ್" ಎಂದ ಹುಡುಗ. ನಾಲಿಗೆ ಕಚ್ಚಿಕೊಂಡು, "ಮಾವ" ಎಂದು ತಿದ್ದಿಕೊಂಡ.

"ಹೇಳಬಾರದು ಅಂತ ಅಲ್ಲ ಅಪ್ಪ. ನೀವು ಬೇಡ ಅಂತೀರಿ ಅಂತಾನೂ ಅಲ್ಲ." ಮಗಳು ಪದ ಹುಡುಕಿದಳು. "ನಿಮಗೆ ಹೇಳಿದ್ರೆ ನೀವು 'ಸರಿ' ಅಂತಿದ್ರಿ. ಆಮೇಲೆ ಅದರ ಬಗ್ಗೆ ಏನೂ ಇರ್ತಿರಲಿಲ್ಲ. ಅದು ನಂಗೆ ಅವತ್ತು ಬೇಡ ಅನ್ನಿಸ್ತು."

"ಸರಿ" ಎಂದ ಅವನು.

ಮಗಳು ತಾಯಿಯ ಕಡೆ ನೋಡಿದಳು.

"ಕೋಪ ಬಂತಾ ಅಪ್ಪ?"

"ಛೆ ಛೆ. ಕಾಗದಪತ್ರ ಸರಿಯಾಗಿದ್ರೆ ಆಯ್ತಲ್ಲ."

ಅವನು ತನ್ನೊಳಗೆ ಕೋಪವನ್ನು ಹುಡುಕಿದ. ಇರಬೇಕಾದ ಜಾಗದಲ್ಲಿ ಬೆರಳೊತ್ತಿ ನೋಡಿದ. ಬೆರಳು ಒಳಗೆ ಹೋಯಿತು, ಏನೂ ತಾಕಲಿಲ್ಲ. ದುಃಖವಾದರೂ ಇದ್ದೀತೆಂದು ನೋಡಿದ. ಸಿಕ್ಕಿದ್ದು ಎಂಟನೆಯ ಬೋಲ್ಟು.

"ಒಂದು ಬೋಲ್ಟು ಬಾಕಿ ಇದೆ" ಎಂದ. "ನೀವು ಒಳಗೆ ನಡೀರಿ. ಬಂದೆ."

ಅವರು ಒಬ್ಬೊಬ್ಬರಾಗಿ ಇಳಿದರು. ಮಗಳು ಏಣಿಯ ಮೇಲೆ ಅರೆಕ್ಷಣ ನಿಂತಳು, ಏನೋ ಹೇಳುವವಳಂತೆ. ಅವನು ಅಷ್ಟರಲ್ಲಿ ಮಂಡಿಯೂರಿ ಬೋಟಿನ ಮೂತಿಯ ಕಡೆ ತಲೆ ತೂರಿಸಿಯಾಗಿತ್ತು.

*

ಬೋಟಿನ ಮೂತಿಯೊಳಗೆ, ಸ್ಟೇರಿಂಗಿನ ಮುಂದೆ, ಮನುಷ್ಯನೊಬ್ಬ ಮುದುಡಿ ಮಲಗುವಷ್ಟು ಜಾಗವಿತ್ತು. ಹೊಟ್ಟೆಯ ಮೇಲೆ ತೆವಳಿ ಒಳಹೊಕ್ಕ. ವೈರುಗಳು, ಜೇಡನ ಬಲೆ, ಹಳೆಯ ಎಣ್ಣೆಯ ವಾಸನೆ. ಕೈಯಾಡಿಸಿದ. ವಾಷರು ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಕುವುದನ್ನು ಬಿಟ್ಟ. ಕೆನ್ನೆ ಬೋಟಿನ ತಳಕ್ಕೆ ತಾಗಿ ತಣ್ಣಗಿತ್ತು. ಎದ್ದು ಹೋಗಲು ಅವಸರವೇನೂ ಕಾಣಲಿಲ್ಲ.

ಮನೆಯ ಬಾಗಿಲು ತೆರೆದ ಸದ್ದು.

"ಹನಿ ಬೀಳ್ತಾ ಇದೆ" ಹೆಂಡತಿಯ ದನಿ. "ಹೊಸ ಸೀಟು ನೆನೆಯತ್ತೆ. ಗ್ಯಾರೇಜಲ್ಲಿ ಬೋಟಿನ ಹೊದಿಕೆ ಇದೆ ನೋಡು, ನೀಲಿದು."

"ತರ್ತೀನಿ ಅತ್ತೆ."

ಭಾರವಾದ ಬಟ್ಟೆ ಸರಸರನೆ ತಲೆಯ ಮೇಲೆ ಹಾದುಹೋಯಿತು. ಕತ್ತು ಹೊರಳಿಸಿ ನೋಡುವಷ್ಟರಲ್ಲಿ ಹಿಂದಿನ ಬೆಂಚು ಮರೆಯಾಯಿತು, ಆಮೇಲೆ ಆಕಾಶ. ಒಳಗೆಲ್ಲ ಮಬ್ಬು ನೀಲಿ.

"ಅಪ್ಪ ಎಲ್ಲಿ?" ಮಗಳು.

"ಒಳಗೆ ಹೋಗಿರಬೇಕು. ಕೈ ತೊಳೀತಿರ್ತಾರೆ."

ಅವನು ಬಾಯಿ ತೆರೆದ. ನಾನು ಇಲ್ಲಿದ್ದೇನೆ ಎಂದರೆ ಸಾಕಿತ್ತು. ತುಂಬ ಸಾಮಾನ್ಯವಾದ ವಾಕ್ಯ. ಆದರೆ ಅದನ್ನು ಯಾವ ದನಿಯಲ್ಲಿ ಹೇಳುವುದು? ಜೋರಾಗಿ ಹೇಳಿದರೆ ಗಾಬರಿಯಾದಂತೆ, ಮೆಲ್ಲಗೆ ಹೇಳಿದರೆ ಅಡಗಿ ಕೂತಿದ್ದಂತೆ. ಯೋಚಿಸುತ್ತಿರುವಾಗಲೇ ಗುಂಡಿ ಹಾಕುವ ಸದ್ದು ಶುರುವಾಯಿತು. ಟಪ್. ಟಪ್. ಬೋಟಿನ ಅಂಚಿನುದ್ದಕ್ಕೂ ಒತ್ತುಗುಂಡಿಗಳು. ಒಂದು ಕಡೆಯಿಂದ ಹುಡುಗ, ಇನ್ನೊಂದು ಕಡೆಯಿಂದ ಮಗಳು. ಯಾರು ಬೇಗ ಮುಗಿಸುತ್ತಾರೆಂದು ಇಬ್ಬರಲ್ಲೂ ಪೈಪೋಟಿ ಹತ್ತಿದಂತಿತ್ತು. ಮಗಳು ನಗುತ್ತಿದ್ದಳು. ಈ ನಗು ಅವನು ಕೇಳಿ ಬಹಳ ದಿನವಾಗಿತ್ತು. ನಡುವೆ ಮಾತಾಡಿ ಅದನ್ನು ನಿಲ್ಲಿಸುವುದು ಸರಿಯಲ್ಲ ಎನ್ನಿಸಿತು.

ಈ ಸುತ್ತು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ಸುತ್ತು ಮುಗಿಯಿತು. ಹೊದಿಕೆ ಬಿಗಿಯಾಯಿತು. ಅದರ ಮೇಲೆ ಹನಿಗಳು ಬೀಳತೊಡಗಿದವು. ಅವನು ಹಿಂದಕ್ಕೆ ತೆವಳಿ, ಕೈಗೆ ಸಿಕ್ಕ ಸೀಟನ್ನು ಹಿಡಿದು ಎದ್ದು ಅದರಲ್ಲಿ ಕೂತ. ಬೋಲ್ಟು ಬಾಕಿಯಿದ್ದ ಆ ಸೀಟು ಸಡಿಲವಾಗಿ ಒಂದು ಪಕ್ಕಕ್ಕೆ ವಾಲಿತು. ಹೊದಿಕೆ ತಗ್ಗಾಗಿದ್ದರಿಂದ ತಲೆ ಅದಕ್ಕೆ ತಾಗಿ, ಬಟ್ಟೆ ಸ್ವಲ್ಪ ಮೇಲಕ್ಕೆದ್ದಿತು.

"ನಡೀರಿ, ನೆನೀತೀರಿ" ಎಂದಳು ಹೆಂಡತಿ. ಎರಡು ಜೊತೆ ಹೆಜ್ಜೆಗಳು ಓಡಿ ಒಳಗೆ ಹೋದವು.

ಅವಳು ಹೋಗಲಿಲ್ಲ. ಟ್ರೈಲರಿನ ಸುತ್ತ ನಿಧಾನವಾಗಿ, ಒಂದು ಕಾಲನ್ನು ಸ್ವಲ್ಪ ಎಳೆಯುತ್ತ, ನಡೆದು ಬರುವುದು ಕೇಳಿಸಿತು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಅವನ ಎದುರು ಬಂದು ನಿಂತಳು. ಇಬ್ಬರ ನಡುವೆ ಬಟ್ಟೆಯೊಂದೇ.

"ಇಲ್ಲಿ ಉಬ್ಬಿದೆ" ಎಂದಳು. ಯಾರಿಗೆ ಹೇಳಿದಳೋ, ಅಲ್ಲಿ ಬೇರೆ ಯಾರೂ ಇರಲಿಲ್ಲ.

ಹೊದಿಕೆಯ ಮೇಲಿಂದ ಅವಳ ಅಂಗೈ ಅವನ ತಲೆಯ ಮೇಲೆ ಬಂದು ಕೂತಿತು. ಬೆಚ್ಚಗಿತ್ತು. ಕ್ಷಣ ಹೊತ್ತು ಅದು ಅಲ್ಲಿಯೇ ಇತ್ತು, ಏನನ್ನೋ ಅಳೆಯುತ್ತಿರುವಂತೆ. ಅವನು ಉಸಿರು ಬಿಗಿಹಿಡಿದ.

ಆಮೇಲೆ ಆ ಕೈ ಮೆಲ್ಲಗೆ, ನೀರು ನಿಲ್ಲದ ಹಾಗೆ, ಉಬ್ಬನ್ನು ಕೆಳಕ್ಕೆ ಒತ್ತಿತು. ಅವನು ತಲೆ ಬಗ್ಗಿಸಿದ. ಇನ್ನೂ ಒತ್ತಿತು. ಇನ್ನೂ ಬಗ್ಗಿಸಿದ. ಬಟ್ಟೆ ಸಮವಾಯಿತು.